ಬೀಡಿಂಗ್ ಬಿಚ್ಚದೆ ಹೊಡೆದ ಬಣ್ಣ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ನಾನು ಹೇಳಿದ್ದನ್ನು ಅವರು ನಂಬುವುದಿಲ್ಲ. ಅದೇ ಮಾತು ನಿಮ್ಮ ಪತ್ರಿಕೆಯಲ್ಲಿ ಬಂದರೆ ಕತ್ತರಿಸಿ ಫೈಲಿಗೆ ಹಾಕಿಕೊಳ್ಳುತ್ತಾರೆ. ಬರುವ ಸೋಮವಾರ ಅವರ 1998ರ ಮಾರುತಿ 800 ಬಣ್ಣಕ್ಕೆ ಹೋಗುತ್ತಿದೆ. ಶೆಡ್ಡಿನವರು ಬರೆದುಕೊಟ್ಟ ಎಸ್ಟಿಮೇಟನ್ನು ಮೊನ್ನೆ ಕಾಂಪೌಂಡಿನ ಮೇಲಿಂದ ಕೈಗೆ ಕೊಟ್ಟರು. ಟಿಂಕರಿಂಗ್ (ತಗಡಿನ ರಿಪೇರಿ), ಪುಟ್ಟಿ, ಪ್ರೈಮರ್, ಬಣ್ಣ, ಪಾಲಿಷ್ ಎಂದು ಐದು ಸಾಲು, ಒಟ್ಟು 24,000 ರೂಪಾಯಿ. ಬೀಡಿಂಗ್ ಅಂದರೆ ಬಾಗಿಲಿನ ಉದ್ದಕ್ಕೂ ಓಡುವ ಪಟ್ಟಿ, ಹ್ಯಾಂಡಲ್, ಲೈಟು, ಇವನ್ನು ಬಿಚ್ಚುವ ಸುದ್ದಿಯೇ ಅದರಲ್ಲಿಲ್ಲ. ಕೇಳಿದ್ದಕ್ಕೆ, “ಅದನ್ಯಾಕ್ ಬಿಚ್ತಾರಮ್ಮ, ಪೇಪರ್ ಅಂಟಿಸಿ ಹೊಡಿತಾರೆ” ಎಂದರು. ನಾನು ಬೇಡ ಎಂದೆ. ಅವರು ನಕ್ಕರು. ಹಾಗಾಗಿ ಈ ಪತ್ರ.

ಬಣ್ಣ ತಾಗಬಾರದ ಕಡೆ ಟೇಪು ಹಾಕಿ ಅಂಟಿಸುವ ಆ ಪೇಪರ್ ಅಂದರೆ ಬೇರೆ ಯಾವುದೂ ಅಲ್ಲ, ನಿಮ್ಮದೇ. ಹಳೆಯ ಪೇಪರಿನ ಕಟ್ಟುಗಳು ಕೆ.ಜಿ. ಲೆಕ್ಕದಲ್ಲಿ ಪೇಂಟ್ ಶೆಡ್ಡುಗಳಿಗೆ ಹೋಗುತ್ತವೆ. ಹೋದ ವರ್ಷ ನಮ್ಮ ಕಾರಿನ ಮುಂದಿನ ಗಾಜು ತೆಗೆದಾಗ, ರಬ್ಬರಿನ ಕೆಳಗೆ ಬೆರಳಗಲದ ಕಾಗದದ ಚೂರೊಂದು ಬಣ್ಣದಲ್ಲಿ ಹೂತುಕೊಂಡಿತ್ತು. ಉಗುರಿನಿಂದ ಎಬ್ಬಿಸಿದೆ. “ಮೆಕ್ಕೆಜೋಳ ಕ್ವಿಂಟಲ್‌ಗೆ” ಎಂಬಲ್ಲಿಗೆ ನಿಂತಿತ್ತು. ದರ ಥಿನ್ನರಿನಲ್ಲಿ ಕರಗಿಹೋಗಿ, ಅದರ ಕಪ್ಪು ಮಸಿ ಮಾತ್ರ ನಮ್ಮ ತಿಳಿನೀಲಿ ತಗಡಿನ ಮೇಲೆ ತಿರುಗುಮುರುಗಾಗಿ ಇಳಿದಿತ್ತು. 2011ರಲ್ಲಿ ಗಾಡಿಗೆ ಬಣ್ಣ ಹೊಡೆದವರು ಬಿಟ್ಟುಹೋದ ಗುರುತು ಅದು.

ಕಾರಿನ ವಿಷಯ ನಿಮಗೇನು ಗೊತ್ತು ಎಂದು ಮೇಷ್ಟ್ರು ಕೇಳಿಯೇ ಕೇಳುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ನಾನು ಟೈಲರ್. ದಾವಣಗೆರೆಯಲ್ಲಿ 35 ವರ್ಷದಿಂದ ಬ್ಲೌಸು ಹೊಲಿಯುತ್ತಿದ್ದೇನೆ. ಬಿಚ್ಚುವುದು, ಮತ್ತೆ ಹಾಕುವುದು ನನ್ನ ಕಸುಬು. ಹೊಸ ಬಟ್ಟೆ ಹೊಲಿಯುವುದು ಯಾರಿಗಾದರೂ ಬಂದೀತು, ಹೊಲಿದದ್ದನ್ನು ಬಟ್ಟೆ ಹರಿಯದಂತೆ ಬಿಚ್ಚುವುದಕ್ಕೆ ಕೈ ಪಳಗಿರಬೇಕು.

ನಮ್ಮ ಮನೆಯಲ್ಲಿರುವುದು 1984ರ ಪ್ರೀಮಿಯರ್ ಪದ್ಮಿನಿ. ಮಾವನವರು ಹಣ ಕಟ್ಟಿ, ವರ್ಷಗಟ್ಟಲೆ ಕಾದು ತಂದದ್ದು. ಆಗ ಕಾರು ಅಂದರೆ ಅಂಬಾಸಿಡರ್, ಇಲ್ಲವೇ ಇದು. ಮಾರುತಿ ಆಗಷ್ಟೇ ಬಂದಿತ್ತು. ನಮ್ಮ ಕಡೆ ಇದನ್ನು ಪದ್ಮಿನಿ ಎಂದವರನ್ನು ನಾನು ಕಾಣೆ, ಎಲ್ಲರ ಬಾಯಲ್ಲೂ ಫಿಯಟ್ಟೇ. ಇಟಲಿಯ ಫಿಯಟ್ 1100ರ ಅಚ್ಚು, ಮುಂಬೈನ ಕುರ್ಲಾದಲ್ಲಿ ತಯಾರಾದದ್ದು, 1089 ಸಿಸಿ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲಿ ಗೇರಿನ ಕೋಲು. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ನಮ್ಮ ಹಳೆಯ ಆರ್‌ಸಿ ಪುಸ್ತಕದ ಮೊದಲ ಪುಟದಲ್ಲಿ ಚಿತ್ರದುರ್ಗದ ಮೊಹರಿದೆ.

2011ರಲ್ಲಿ ಮಗಳ ಮದುವೆಗೆ ಮುಂಚೆ ಬಣ್ಣ ಮಾಡಿಸಿದೆವು. ಶೆಡ್ಡಿನ ಹೆಸರು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ, ಎಲ್ಲ ಕಡೆ ಹೀಗೆಯೇ ಮಾಡುತ್ತಿದ್ದರು. ಎಂಟು ದಿನಕ್ಕೆ ಗಾಡಿ ಬಂತು, ಮುಖ ನೋಡಿಕೊಳ್ಳುವಷ್ಟು ಹೊಳಪು. ಮದುವೆಗೆ ಬಂದವರೆಲ್ಲ ಹೊಗಳಿದರು. ಆಗಲೂ ನನ್ನ ಕಣ್ಣಿಗೆ ಒಂದು ಬಿತ್ತು. ಬಾಗಿಲಿನ ಉದ್ದಕ್ಕೂ ಓಡುವ ಬೆಳ್ಳಿ ಬಣ್ಣದ ಬೀಡಿಂಗ್ ಪಟ್ಟಿಯ ಅಂಚಿನಲ್ಲಿ ಬಣ್ಣ ನೇರವಾಗಿ ನಿಂತಿರಲಿಲ್ಲ. ಇಲಿ ಕಡಿದ ಹಾಗೆ ಹಲ್ಲುಹಲ್ಲಾಗಿತ್ತು. ಮನೆಯವರಿಗೆ ತೋರಿಸಿದೆ. “ನಿನಗೆ ಎಲ್ಲಾದ್ರಾಗೂ ಹೊಲಿಗೇನೆ ಕಾಣತದೆ” ಎಂದು ಸುಮ್ಮನಾಗಿಸಿದರು.

ಎರಡನೆಯ ಮಳೆಗಾಲಕ್ಕೆ ಆ ಹಲ್ಲುಗಳು ಏಳತೊಡಗಿದವು. ಮೊದಲು ಹಾಲಿನ ಕೆನೆಯಂತೆ ಸಣ್ಣ ಉಬ್ಬು, ಆಮೇಲೆ ಬಿರುಕು, ಆಮೇಲೆ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ. ಬಾಗಿಲಿನ ಬಯಲಿನಲ್ಲಿ ಬಣ್ಣ ಕಲ್ಲಿನಂತೆ ಗಟ್ಟಿಯಾಗಿತ್ತು. ಕೆಟ್ಟದ್ದೆಲ್ಲ ಅಂಚಿನಲ್ಲೇ. ಬೀಡಿಂಗಿನ ಸುತ್ತ, ಹ್ಯಾಂಡಲಿನ ಬುಡ, ಡಿಕ್ಕಿಯ ಮೇಲಿನ ಹೆಸರಿನ ಅಕ್ಷರಗಳ ಸಂದು, ಗಾಜಿನ ರಬ್ಬರಿನ ನಾಲ್ಕು ಮೂಲೆ.

ಇದೇಕೆ ಹೀಗೆ ಎಂಬುದು ಕಷ್ಟದ ವಿದ್ಯೆಯೇನಲ್ಲ. ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಕೂರಬೇಕಾದರೆ ಹಳೆಯದನ್ನು ವಾಟರ್ ಪೇಪರಿನಿಂದ, ಅಂದರೆ ನೀರು ಹಾಕಿ ಉಜ್ಜುವ ಉಪ್ಪುಕಾಗದದಿಂದ, ಉಜ್ಜಿ ಒರಟು ಮಾಡಬೇಕು. ಬೀಡಿಂಗ್ ಅಲ್ಲೇ ಇದ್ದರೆ ಅದರ ಬುಡಕ್ಕೆ ಪೇಪರು ಹೋಗುವುದಿಲ್ಲ, ಬೆರಳೂ ಹೋಗುವುದಿಲ್ಲ. ಕೊನೆಯ ಎರಡು ನೂಲಿನಷ್ಟು ಜಾಗ ನುಣ್ಣಗೆ ಉಳಿಯುತ್ತದೆ, ಅಲ್ಲೇ 27 ವರ್ಷದ ಪಾಲಿಷ್, ದೂಳು, ಜಿಡ್ಡು ಎಲ್ಲ ಸೇರಿಕೊಂಡಿರುತ್ತದೆ. ಅದರ ಮೇಲೆ ಬಣ್ಣ ಬೀಳುತ್ತದೆ, ಹಿಡಿಯುವುದಿಲ್ಲ. ಸಾಲದ್ದಕ್ಕೆ ಬಣ್ಣವು ತಗಡಿನಿಂದ ಟೇಪಿನ ಮೇಲಕ್ಕೆ ಒಂದೇ ಹಾಳೆಯಾಗಿ ಹಬ್ಬಿರುತ್ತದೆ. ಟೇಪು ಕಿತ್ತಾಗ ಆ ಹಾಳೆ ಎಲ್ಲಿ ಬೇಕೋ ಅಲ್ಲಿ ಹರಿಯುತ್ತದೆ. ಹರಿದ ಅಂಚಿನಿಂದ ನೀರು ಒಳಗೆ ಹೋಗಲು ಶುರು. ಹೋದ ನೀರು ಬೀಡಿಂಗಿನ ಹಿಂದೆ ನೆರಳಿನಲ್ಲಿ ಕೂತುಬಿಡುತ್ತದೆ, ಬೇಗ ಆರುವುದೂ ಇಲ್ಲ.

ಒಮ್ಮೆ ಒಬ್ಬ ಗಿರಾಕಿ ಗುಲಾಬಿ ರೇಷ್ಮೆ ಸೀರೆಯನ್ನು ಫಾಲ್ ಬಿಚ್ಚದೆ ಮೆರೂನ್ ಬಣ್ಣಕ್ಕೆ ಕೊಟ್ಟಿದ್ದರು. ಎರಡು ವರ್ಷದ ಮೇಲೆ ಫಾಲ್ ಬದಲಿಸಲು ನನ್ನ ಹತ್ತಿರ ತಂದರು. ಬಿಚ್ಚಿದರೆ ಒಳಗೆ ಮಬ್ಬು ಗುಲಾಬಿ, ಮೇಲೆ ಮೆರೂನ್, ನಡುವೆ ಹೊಲಿಗೆಯ ಉದ್ದಕ್ಕೂ ಬಣ್ಣ ಕುಡಿಯದ ಬಿಳಿಚಿದ ಗೆರೆ. ನಮ್ಮ ಕಾರಿನ ಬೀಡಿಂಗ್ ಬಿಚ್ಚಿದ ದಿನ ನನಗೆ ಆ ಸೀರೆಯೇ ಕಂಡಿತು. ಪಟ್ಟಿಯ ಹಿಂದೆ 1984ರ ಕಾರ್ಖಾನೆಯ ನೀಲಿ ಹೊಸದರಂತೆ ಕಡುವಾಗಿತ್ತು, ಅದರ ಎರಡೂ ಬದಿಗೆ ತುಕ್ಕಿನ ಕಂದು ಗೆರೆ, ಅದರಾಚೆ 2011ರ ತಿಳಿನೀಲಿ. ಮಾವನವರು ತಂದ ಬಣ್ಣ ನಿಜವಾಗಿ ಯಾವುದು ಎಂದು ನಾನು ನೋಡಿದ್ದೇ ಆವತ್ತು.

ಎರಡನೆಯ ಸಲ ಬಣ್ಣ ಮಾಡಿಸುವ ಮನಸ್ಸಾದದ್ದು ಮುಂಬೈನ ಟ್ಯಾಕ್ಸಿಗಳಿಂದ. 2023ರ ಅಕ್ಟೋಬರ್ ಕೊನೆಗೆ ಅಲ್ಲಿನ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿಯಿತು ಎಂದು ಟಿವಿಯಲ್ಲಿ ತೋರಿಸಿದರು. ಮನೆಯವರು ಊಟದ ತಟ್ಟೆ ಬಿಟ್ಟು ಎದ್ದು, ಹೊರಗೆ ಹೋಗಿ, ಗಾಡಿಯ ಕವರ್ ಸರಿಸಿ ನೋಡಿ ಬಂದರು. ನಾನು ಒಂದೇ ಷರತ್ತು ಹಾಕಿದೆ. ಈ ಸಲ ಎಲ್ಲ ಬಿಚ್ಚಿಯೇ ಬಣ್ಣಕ್ಕೆ ಕಳಿಸುವುದು, ಬಿಚ್ಚುವುದು ನಮ್ಮ ಅಂಗಳದಲ್ಲಿ.

ಮನೆಯವರ ಸ್ನೇಹಿತರಾದ ಹಳೆಯ ಮೇಸ್ತ್ರಿಯೊಬ್ಬರಿದ್ದರು. ವಯಸ್ಸು 70 ದಾಟಿದೆ, ಕಣ್ಣಿನ ಪೊರೆ ತೆಗೆಸಿದ್ದಾರೆ, ಕೆಲಸ ಬಿಟ್ಟಿದ್ದಾರೆ. “ಭಾಯ್, ನೀವು ಕುರ್ಚಿ ಮ್ಯಾಲೆ ಕೂತು ಹೇಳ್ರಿ ಸಾಕು, ನಾವು ಬಿಚ್ತೀವಿ” ಎಂದೆ. “ಅಕ್ಕಾ, ಕ್ಲಿಪ್ ಮುರಿತಾವೆ, ಆಮೇಲೆ ನನ್ನ ಬೈಬ್ಯಾಡ್ರಿ” ಎಂದೇ ಬಂದರು. ಬಂದವರು ಕುರ್ಚಿಯಲ್ಲಿ ಕೂತದ್ದು ಚಹಾ ಕುಡಿಯುವಾಗ ಮಾತ್ರ.

ಮೊದಲ ದಿನ ಒಂದು ಸ್ಕ್ರೂ ಸಹ ಮುಟ್ಟಲಿಲ್ಲ. ಮಗಳು ರಜೆಗೆ ಬಂದಿದ್ದಳು, ಮೊಬೈಲಿನಲ್ಲಿ 140 ಫೋಟೊ ತೆಗೆದಳು. ನಾನು ಕೊರಳಲ್ಲಿದ್ದ ಟೇಪು ಹಿಡಿದು ಅಳತೆ ತೆಗೆದೆ. ಬಾಗಿಲಿನ ಕೆಳ ಅಂಚಿನಿಂದ ಬೀಡಿಂಗಿಗೆ ಮುಂದೆ ಎಷ್ಟು, ಹಿಂದೆ ಎಷ್ಟು. ಡಿಕ್ಕಿಯ ಅಂಚಿನಿಂದ ಹೆಸರಿನ ಮೊದಲ ಅಕ್ಷರಕ್ಕೆ ಎಷ್ಟು. ಎಲ್ಲವನ್ನೂ ಗಿರಾಕಿಗಳ ಅಳತೆ ಪುಸ್ತಕದಲ್ಲೇ ಬರೆದೆ. ಎಡಕ್ಕೂ ಬಲಕ್ಕೂ ಕಾಲು ಇಂಚು ವ್ಯತ್ಯಾಸ ಬಂತು. ಮತ್ತೆ ಅಳೆದೆ, ಅಷ್ಟೇ. ಮನುಷ್ಯರ ಭುಜವೂ ಹಾಗೇ ಇರುತ್ತದೆ, ನಾವು ಎರಡೂ ಕಡೆ ಬೇರೆ ಬೇರೆ ಬರೆದುಕೊಳ್ಳುತ್ತೇವೆ. ಈ ಅಳತೆ ಯಾಕೆ ಬೇಕೆಂದರೆ, ತುಕ್ಕು ಹಿಡಿದ ತೂತನ್ನು ಟಿಂಕರ್ ಬೆಸುಗೆ ಹಾಕಿ ಮುಚ್ಚಿಬಿಟ್ಟರೆ ಮತ್ತೆ ಎಲ್ಲಿ ಕೊರೆಯಬೇಕೆಂದು ಹೇಳಲು ಗಾಡಿಯ ಮೇಲೆ ಯಾವ ಗುರುತೂ ಉಳಿದಿರುವುದಿಲ್ಲ.

ಬಿಚ್ಚುವಾಗ ಭಾಯ್ ಮಾಡಿದ ಮೊದಲ ಕೆಲಸ, ನಮ್ಮ ಮನೆಯವರ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡದ್ದು. ಬೀಡಿಂಗ್ ಪಟ್ಟಿ ಅಲ್ಯೂಮಿನಿಯಂ. ಹಿಂದೆ ಸ್ಪ್ರಿಂಗಿನಂಥ ಉಕ್ಕಿನ ಕ್ಲಿಪ್ಪುಗಳು ತಗಡಿನ ತೂತಿನಲ್ಲಿ ಕಚ್ಚಿಕೊಂಡಿರುತ್ತವೆ, ತುದಿಯಲ್ಲಿ ಸಣ್ಣ ಬೋಲ್ಟು, ಅದರ ನಟ್ಟು ಒಳಗಡೆ. ನಟ್ಟಿಗೆ ಕೈ ಹೋಗಬೇಕಾದರೆ ಬಾಗಿಲಿನ ಒಳಗಿನ ರೆಕ್ಸಿನ್ ಪ್ಯಾಡ್ ತೆಗೆಯಬೇಕು. ಅದನ್ನು ಮರೆತು ಹೊರಗಿನಿಂದ ಎಬ್ಬಿಸಿದರೆ ಪಟ್ಟಿ ತುದಿಯಲ್ಲಿ ಮಡಿಚಿಕೊಳ್ಳುತ್ತದೆ. ಅಲ್ಯೂಮಿನಿಯಂ ಒಮ್ಮೆ ಮಡಿಚಿದರೆ ಮುಗಿಯಿತು, ತಟ್ಟಿ ನೆಟ್ಟಗೆ ಮಾಡಿದರೂ ಬಿಸಿಲಿಗೆ ಹಿಡಿದಾಗ ಆ ಗಾಯ ಕಾಣುತ್ತದೆ. ನನ್ನ ಮರದ ಸ್ಕೇಲಿಗೆ ಹತ್ತಿ ಬಟ್ಟೆ ಸುತ್ತಿ, ಪಟ್ಟಿಯ ನಡುವೆ ಹಾಕದೆ ಪ್ರತಿ ಕ್ಲಿಪ್ಪಿನ ಪಕ್ಕಕ್ಕೇ ಹಾಕಿ, ಒಂದೊಂದಾಗಿ ಎಬ್ಬಿಸುತ್ತಾ ಹೋದೆವು. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಸೀಮೆಎಣ್ಣೆ ಬಿಟ್ಟು ನೆನೆಸಿದ್ದೆವು. ಎಡಗಡೆಯ ಎರಡು ಪಟ್ಟಿ ಬಿಚ್ಚಲು ಒಂದು ಬೆಳಿಗ್ಗೆ ಹಿಡಿಯಿತು. ಬಲಗಡೆಯದು ಮುಕ್ಕಾಲು ಗಂಟೆ. ಕೈಗೆ ಅಭ್ಯಾಸವಾಗಿತ್ತು.

ಬಿಚ್ಚಿದ್ದೆಲ್ಲ ಗುಂಡಿ ಇಡುವ ನನ್ನ ಪ್ಲಾಸ್ಟಿಕ್ ಡಬ್ಬಿಗಳಿಗೆ ಹೋಯಿತು. “ಎಡ ಮುಂದಿನ ಬಾಗಿಲು”, “ಬಲ ಹ್ಯಾಂಡಲ್”, “ವೈಪರ್ ಬುಡ” ಎಂದು ಚೀಟಿ. ಹ್ಯಾಂಡಲಿನ ಕೆಳಗಿನ ತೆಳ್ಳನೆಯ ರಬ್ಬರ್ ವಾಷರುಗಳು ಮುಟ್ಟಿದರೆ ಪುಡಿಯಾದವು. ಅವನ್ನು ಎಸೆಯದೆ ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಆಕಾರ ಬರೆದುಕೊಂಡೆ. ಆಮೇಲೆ ಸೈಕಲ್ ಟ್ಯೂಬಿನಿಂದ ಅದೇ ಆಕಾರ ಕತ್ತರಿಸಿದೆ. ಕಾಲರ್ ಕತ್ತರಿಸಿದ ಹಾಗೆಯೇ.

ಒಂದು ಅನಾಹುತವೂ ಆಯಿತು, ಅದು ನನ್ನ ಕೈಯಿಂದಲೇ. ಡಿಕ್ಕಿಯ ಮೇಲಿನ ಹೆಸರಿನ ಹಿಂದೆ ಕಡ್ಡಿಯಂಥ ಮೊಳೆಗಳು ಇರುತ್ತವೆ. ಎರಕದ ಲೋಹ, 40 ವರ್ಷಕ್ಕೆ ಬಿಸ್ಕತ್ತಿನಂತಾಗಿರುತ್ತದೆ. ಡಿಕ್ಕಿಯ ಒಳಗಿನಿಂದ ಅದರ ತುದಿಯನ್ನು ನಿಧಾನಕ್ಕೆ ಒತ್ತಬೇಕು, ಹೊರಗಿನಿಂದ ಎಳೆಯಬಾರದು. ನಾನು ಎಳೆದೆ. ಟಪ್ ಎಂದು ಒಂದು ಮೊಳೆ ಒಳಗೇ ಉಳಿಯಿತು. ಭಾಯ್ ಏನೂ ಅನ್ನಲಿಲ್ಲ, ಅದೇ ಹೆಚ್ಚು ನೋವಾಯಿತು. ಆ ಲೋಹಕ್ಕೆ ಬೆಸುಗೆ ನಿಲ್ಲುವುದಿಲ್ಲವಂತೆ. ಕೊನೆಗೆ ಮುರಿದ ಜಾಗವನ್ನು ಕೆರೆದು, ನನ್ನ ಮಿಷನ್ನಿನ ಒಂದು ಸೂಜಿಯ ದಪ್ಪ ಭಾಗವನ್ನು ತುಂಡರಿಸಿ ಅರಾಲ್ಡೈಟ್ ಅಂಟಿನಲ್ಲಿ ಕೂರಿಸಿದೆವು. ಒಂದು ದಿನ ಅಲುಗಾಡಿಸದೆ ಬಿಟ್ಟೆವು. ಪದ್ಮಿನಿ ಎಂಬ ಹೆಸರು ಈಗ ನಿಂತಿರುವುದು ಹೊಲಿಗೆ ಸೂಜಿಯ ಮೇಲೆ.

ಎಲ್ಲ ಬಿಚ್ಚಿದ ಮೇಲೆ ತೂತುಗಳು ಕಂಡವು. ಮೇಷ್ಟ್ರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಬೀಡಿಂಗಿನ ಪ್ರತಿ ಕ್ಲಿಪ್ಪಿಗೂ ತಗಡಿನಲ್ಲಿ ಒಂದು ತೂತು, ಪ್ರತಿ ತೂತಿನ ಸುತ್ತ ತುಕ್ಕಿನ ಉಂಗುರ. ಮೇಲಿನಿಂದ ಎಷ್ಟು ಬಣ್ಣ ಹೊಡೆದರೂ ತೂತಿನ ಒಳ ಅಂಚಿಗೆ ಅದು ಹೋಗುವುದಿಲ್ಲ. ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ತಿನ್ನುವ ಆಸಿಡ್ ದ್ರಾವಣ ಹಚ್ಚಿ ಒರೆಸಿ, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ರೆಡ್ ಆಕ್ಸೈಡ್ ಪ್ರೈಮರನ್ನು ಒಂದೊಂದೇ ತೂತಿಗೆ ಒಳಗೂ ಹೊರಗೂ ಬಳಿದೆವು. ಬಣ್ಣವಾಗಿ ಬಂದ ಮೇಲೆ ಮತ್ತೆ ಒಮ್ಮೆ ಅದೇ ಕಡ್ಡಿಯಿಂದ ಬಣ್ಣ. ಪಟ್ಟಿ ಹಾಕುವಾಗ ಪ್ರತಿ ಕ್ಲಿಪ್ಪಿನ ಬುಡಕ್ಕೆ ಕರಿ ಮೇಣದಂಥ ಬ್ಯುಟೈಲ್ ಚೂರು ಸುತ್ತಿ ಒತ್ತಿದರೆ ಮಳೆನೀರು ಒಳಗೆ ಹೋಗುವುದಿಲ್ಲ. ಕೆಲವರು ಹುಳಿ ವಾಸನೆಯ ಸಿಲಿಕಾನ್ ತುಂಬುತ್ತಾರೆ, ಅದು ಬೇಡ. ಆ ಹುಳಿಯೇ ಬರಿ ತಗಡಿಗೆ ತುಕ್ಕು ಹಿಡಿಸುತ್ತದೆ. ಅದರ ಜಿಡ್ಡು ಎಲ್ಲಾದರೂ ಉಳಿದರೆ ಮುಂದೆ ಬಣ್ಣ ಹೊಡೆಯುವಾಗ ಮೀನಿನ ಕಣ್ಣಿನಂಥ ಗುಳಿಗಳು ಏಳುತ್ತವೆ.

ಕ್ಲಿಪ್ಪುಗಳಲ್ಲಿ ಅರ್ಧಕ್ಕರ್ಧ ಮುರಿದವು, ಭಾಯ್ ಹೇಳಿದ್ದಂತೆಯೇ. ಗಾಡಿ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಅಳಿಯನನ್ನು ಕಳಿಸಿದೆವು. ಒಂದು ಅಂಗಡಿಯಲ್ಲಿ 11 ಸಿಕ್ಕವು, ಉಳಿದ ಕಡೆ ತಲೆ ಅಲ್ಲಾಡಿಸಿದರಂತೆ. ಈ ಗಾಡಿಯ ತಯಾರಿಕೆ ನಿಂತೇ 20 ವರ್ಷ ದಾಟಿತಲ್ಲ. ಉಳಿದದ್ದಕ್ಕೆ ಭಾಯ್ ಕಂಡುಕೊಂಡ ದಾರಿ ನಮ್ಮೂರಿಗೇ ತಕ್ಕದ್ದು. ಚೌಕಿಪೇಟೆಯ ಬಟ್ಟೆ ಅಂಗಡಿಗೆ ಬರುವ ಬೇಲುಗಳಿಗೆ ಉಕ್ಕಿನ ಪಟ್ಟಿ ಬಿಗಿದಿರುತ್ತಾರೆ. ನನಗೆ ಲೈನಿಂಗ್ ಬಟ್ಟೆ ಕೊಡುವ ಅಂಗಡಿಯಿಂದ ಒಂದು ಮಾರು ಪಟ್ಟಿ ತಂದೆ. ಅದನ್ನು ಕತ್ತರಿಸಿ, ಇಕ್ಕಳದಲ್ಲಿ ಹಳೆಯ ಕ್ಲಿಪ್ಪಿನ ಆಕಾರಕ್ಕೆ ಬಗ್ಗಿಸಿ, ಅಂಚನ್ನು ಅರದಲ್ಲಿ ಉಜ್ಜಿ, ಪ್ರೈಮರಿನಲ್ಲಿ ಅದ್ದಿ ಒಣಗಿಸಿದರು. ಮೊದಲ ನಾಲ್ಕು ಸಡಿಲವಾದವು. ಐದನೆಯದು ಕಚ್ಚಿತು. ಆಮೇಲೆ ಅವರ ಕೈ ತಡೆಯಲಿಲ್ಲ.

ಗಾಜಿನ ಕತೆ ಹೇಳದೆ ಪತ್ರ ಮುಗಿಸಲಾರೆ. ಮುಂದಿನ ಗಾಜು ನಿಂತಿರುವುದು ದಪ್ಪ ರಬ್ಬರಿನ ಚೌಕಟ್ಟಿನಲ್ಲಿ. ಹಳೆಯ ರಬ್ಬರ್ ಒಣಗಿ ಬಿರಿದಿತ್ತು, ಬ್ಲೇಡಿನಿಂದ ಕೊಯ್ದು ತೆಗೆದೆವು, ಹೊಸದು ತರಿಸಿದೆವು. ಹಾಕುವುದು ಹೇಗೆಂದು ಭಾಯ್ ಹೇಳತೊಡಗಿದಾಗ ನನಗೆ ನಗು ಬಂತು. ಗಾಜಿನ ಸುತ್ತ ಮೊದಲು ರಬ್ಬರ್ ತೊಡಿಸಬೇಕು. ತಗಡಿನ ಅಂಚು ಕೂರಬೇಕಾದ ಕಾಲುವೆಯೊಂದು ರಬ್ಬರಿನಲ್ಲಿರುತ್ತದೆ, ಅದರಲ್ಲಿ ಸುತ್ತಲೂ ಒಂದು ದಾರ ಕೂರಿಸಿ ಎರಡೂ ತುದಿಯನ್ನು ಕೆಳಗೆ ನಡುವಿನಲ್ಲಿ ಕಾರಿನ ಒಳಕ್ಕೆ ಇಳಿಬಿಡಬೇಕು. ಸೋಪಿನ ನೀರು ಸವರಿ ಗಾಜನ್ನು ಹೊರಗಿನಿಂದ ಆನಿಸಿ ಹಿಡಿದು, ಒಳಗಿನಿಂದ ದಾರ ಎಳೆಯುತ್ತಾ ಹೋಗಬೇಕು. ಲಂಗಕ್ಕೆ ಲಾಡಿ ಪೋಣಿಸುವುದೂ ಎಳೆಯುವುದೂ ಇದೇ ತಾನೆ.

ಮನೆಯವರು ನೈಲಾನ್ ಹಗ್ಗ ತಂದಿದ್ದರು. ಒಂದು ಮೂಲೆಯಲ್ಲಿ ಅದು ಹೊಸ ರಬ್ಬರಿನ ತುಟಿಯನ್ನು ಕೊಯ್ಯತೊಡಗಿತು. ನಿಲ್ಲಿಸಿ, ಒಳಗೆ ಹೋಗಿ ಲಂಗದ ಹತ್ತಿ ಲಾಡಿಯ ಉಂಡೆ ತಂದೆ. ಸೋಪಿನ ನೀರಲ್ಲಿ ನೆನೆಸಿ ಹಾಕಿದೆವು. ಹೊರಗೆ ಮನೆಯವರು ಮತ್ತು ಅಳಿಯ ಅಂಗೈಯಿಂದ ಒತ್ತುತ್ತಿದ್ದರು, ಒಳಗೆ ಸೀಟಿನ ಮೇಲೆ ಮಂಡಿಯೂರಿ ನಾನು ಎಳೆಯುತ್ತಿದ್ದೆ. ಲಾಡಿ ಒಂದೊಂದು ಇಂಚು ಬಂದ ಹಾಗೆ ರಬ್ಬರಿನ ತುಟಿ ತಗಡಿನ ಅಂಚನ್ನು ಹತ್ತಿ, ಹೊರಳಿ, ಒಳಕ್ಕೆ ಬೀಳುತ್ತಿತ್ತು. ಬೀಳುವಾಗ ಪ್ರತಿ ಸಲ ಸಣ್ಣ ಚಪ್ಪರಿಕೆಯ ಸದ್ದು. ಮೇಲಿನ ಎಡಮೂಲೆಯಲ್ಲಿ ಹತ್ತು ನಿಮಿಷ ಹಟ ಮಾಡಿತು. “ಜೋರಾಗಿ ಎಳಿಬ್ಯಾಡ್ರಕ್ಕಾ, ಗಾಜಿಗೆ ಹೊರಗಡೆಯಿಂದ ತಟ್ರೋ” ಎಂದು ಭಾಯ್ ಕೂಗಿದರು. ತಟ್ಟಿದರು, ಬಿತ್ತು. ಕೊನೆಯ ಮೊಳ ಲಾಡಿ ಸರ್ರನೆ ನನ್ನ ಮಡಿಲಿಗೆ ಬಂದಾಗ ಮೈಯೆಲ್ಲ ಬೆವರು. ಆಮೇಲೆ ಬಕೆಟ್ಟಿನಿಂದ ನೀರು ಹೊಯ್ದು ನೋಡಿದೆವು. ಒಂದು ಹನಿ ಒಳಗೆ ಬರಲಿಲ್ಲ.

ಬಣ್ಣ ಹೊಡೆದವರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಳ್ಳೆಯ ಕೆಲಸ ಮಾಡಿದರು. ಹೊಡೆಯುವ ಹುಡುಗ ಮಾತ್ರ ಮೂಗಿಗೆ ಕರ್ಚೀಪು ಕಟ್ಟಿಕೊಂಡಿದ್ದ. ಈಗಿನ ಪಿಯು (ಪಾಲಿಯುರೆಥೇನ್) ಬಣ್ಣವನ್ನು ಗಟ್ಟಿ ಮಾಡಲು ಬೆರೆಸುವ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು, ಕರ್ಚೀಪು ಅದನ್ನು ತಡೆಯುವುದಿಲ್ಲ. ಮಾಲೀಕರು ಅವನಿಗೊಂದು ಸರಿಯಾದ ಮಾಸ್ಕ್ ಕೊಡಿಸಲಿ. ಗಾಡಿ ಬಂದ ಮೇಲೆ ಬೀಡಿಂಗ್ ಹಾಕಲು ಭಾಯ್ 12 ದಿನ ಕಾಯಿಸಿದರು. ಮುಟ್ಟಿದರೆ ಒಣಗಿದೆ, ಒತ್ತಿದರೆ ಹಸಿ ಎಂಬ ಸ್ಥಿತಿಯಲ್ಲಿ ಪಟ್ಟಿ ಕೂರಿಸಿದರೆ ಅದರ ಅಂಚು ಬಣ್ಣದಲ್ಲಿ ಅಚ್ಚೊತ್ತುತ್ತದೆ. ಇನ್ನೊಂದು, ಬಾಗಿಲಿನ ತಳದಲ್ಲಿ ನೀರು ಇಳಿದುಹೋಗಲು ಸಣ್ಣ ಸಂದುಗಳಿರುತ್ತವೆ. ಪುಟ್ಟಿಯೋ ಬಣ್ಣವೋ ಅವನ್ನು ಮುಚ್ಚಿರುತ್ತದೆ. ಗಾಜು ಇಳಿಯುವ ಸಂದಿನಲ್ಲಿ ಒಂದು ಚೊಂಬು ನೀರು ಹಾಕಿ, ಕೆಳಗೆ ಬರುತ್ತದೆಯೇ ನೋಡಿ. ನಮ್ಮ ನಾಲ್ಕರಲ್ಲಿ ಎರಡು ಬಾಗಿಲಲ್ಲಿ ಬರಲಿಲ್ಲ, ಕಡ್ಡಿ ಹಾಕಿ ಬಿಡಿಸಬೇಕಾಯಿತು.

ಶೆಡ್ಡಿನವರದ್ದೇ ತಪ್ಪು ಎಂದು ನಾನು ಹೇಳುವುದಿಲ್ಲ. ಅವರ ಕಷ್ಟ ನನಗೆ ಗೊತ್ತು. ಬಿಚ್ಚಿ ಹಾಕಲು ಇಬ್ಬರಿಗೆ ಎರಡು ದಿನ ಬೇಕು, ಅದಕ್ಕೆ ಯಾರೂ ಕೂಲಿ ಕೊಡುವುದಿಲ್ಲ, ಒಂದು ಕ್ಲಿಪ್ ಮುರಿದರೆ ಗಿರಾಕಿ ಊರೆಲ್ಲ ಸಾರುತ್ತಾನೆ. ಪೇಪರ್ ಅಂಟಿಸಿದರೆ ಒಂದು ಗಂಟೆಯ ಕೆಲಸ, ಬೈಗುಳ ಬರುವುದು ಎರಡು ವರ್ಷದ ಮೇಲೆ, ಅಷ್ಟೊತ್ತಿಗೆ ಯಾರ ನೆನಪಿನಲ್ಲೂ ಇರುವುದಿಲ್ಲ. ನನ್ನ ಹತ್ತಿರವೂ ಹಾಗೆಯೇ. ಲೈನಿಂಗ್ ಬಿಚ್ಚಿ ಬೇರೆ ಹಾಕಿದರೆ, “ಹೊಲಿದಿದ್ದೇ ಇತ್ತಲ್ಲ, ಅದಕ್ಯಾಕೆ ದುಡ್ಡು” ಎನ್ನುತ್ತಾರೆ. ಆದ್ದರಿಂದ ನಾನು ಬಿಲ್ಲಿನಲ್ಲಿ “ಬಿಚ್ಚಿದ್ದಕ್ಕೆ” ಎಂದು ಬೇರೆ ಸಾಲು ಬರೆಯುತ್ತೇನೆ. ಬರೆದರೆ ಜಗಳವಿಲ್ಲ. ಶೆಡ್ಡಿನವರೂ ಹಾಗೆ ಬರೆಯಲಿ. ಬಿಚ್ಚುವ ಸಾಮಾನು ಇಂತಿಷ್ಟು, ಕೂಲಿ ಇಷ್ಟು, ಮುರಿಯಬಹುದಾದ ಕ್ಲಿಪ್ಪಿಗೆ ಇಷ್ಟು. ಗಾಡಿಯವರೂ ಆ ಸಾಲನ್ನು ಹೊಡೆದುಹಾಕದೆ ಕೊಡಲಿ. ಭಾಯ್‌ಗೆ ನಾವು ದಿನಕ್ಕೆ 800ರಂತೆ ಆರು ದಿನದ ಕೂಲಿ ಕೊಟ್ಟೆವು. ತೆಗೆದುಕೊಳ್ಳಲು ಒಪ್ಪಿರಲಿಲ್ಲ, ಲೆಕ್ಕ ಬರೆದು ತೋರಿಸಿದ ಮೇಲೆ ಒಪ್ಪಿದರು.

ಇನ್ನು ಮೇಷ್ಟ್ರ ಗಾಡಿ. ಮಾರುತಿ 800ರಲ್ಲಿ ನಮ್ಮಷ್ಟು ರಗಳೆಯಿಲ್ಲ. ಬಾಗಿಲಿನ ಕಪ್ಪು ಪಟ್ಟಿ, ಹಿಂದಿನ ಹೆಸರು ಅಂಟಿನ ಮೇಲೆ ನಿಂತಿವೆ. ಮೊದಲು ಮಾಸ್ಕಿಂಗ್ ಟೇಪಿನಿಂದ ಜಾಗ ಗುರುತು ಮಾಡಿ, ಅಳತೆ ಬರೆದುಕೊಂಡು, ಕೂದಲು ಒಣಗಿಸುವ ಡ್ರೈಯರಿನಿಂದ ಬಿಸಿ ಮಾಡಿ, ಮೀನಿನ ಗಾಳದ ನೈಲಾನ್ ದಾರವನ್ನು ಹಿಂದೆ ಹಾಕಿ ಗರಗಸದಂತೆ ಎಳೆದರೆ ಬರುತ್ತವೆ. ಮತ್ತೆ ಹಾಕುವಾಗ ಹಳೆಯ ಅಂಟಿನ ಮೇಲೆಯೇ ಹೊಸದು ಬೇಡ. ಹಳೆಯದನ್ನು ಪೂರ್ತಿ ತೆಗೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಗಾಡಿಗೆ ಹಾಕುವ ದಪ್ಪ ಡಬಲ್ ಟೇಪೇ ಹಾಕಿಸಿ. ಬಣ್ಣ ಚೆನ್ನಾಗಿ ಆರಿದ ಮೇಲೆ ಹಾಕಬೇಕು, ಹಾಕಿ ಒಂದೆರಡು ದಿನ ಗಾಡಿ ತೊಳೆಯಬಾರದು. ಹ್ಯಾಂಡಲ್, ಕನ್ನಡಿ, ಲೈಟು, ಬಂಪರ್ ಬಿಚ್ಚಲೇಬೇಕು. ಮುಂದಿನ ಗಾಜು ತೆಗೆಸಲು ಮನಸ್ಸಿಲ್ಲದಿದ್ದರೆ ಬಿಡಿ, ಒತ್ತಾಯವಿಲ್ಲ. ರಬ್ಬರಿನ ಹೊರತುಟಿಯ ಕೆಳಗೆ ಸುತ್ತಲೂ ಲಾಡಿ ತೂರಿಸಿಟ್ಟರೆ ತುಟಿ ಎದ್ದು ನಿಲ್ಲುತ್ತದೆ, ಬಣ್ಣ ಅದರ ಅಡಿಯವರೆಗೂ ಹೋಗುತ್ತದೆ. ಆಮೇಲೆ ಲಾಡಿ ತೆಗೆದರೆ ತುಟಿ ಬಣ್ಣದ ಮೇಲೆ ಕೂರುತ್ತದೆ. ಲಾಡಿ ನಾನು ಕೊಡುತ್ತೇನೆ. ಗಾಜಿಗೆ, ಟೈರಿಗೆ ಮುಚ್ಚಲು ನ್ಯೂಸ್‌ಪೇಪರ್ ಬದಲು ಮಕ್ಕಳ ಪುಸ್ತಕಕ್ಕೆ ಹಾಕುವ ಖಾಕಿ ಕಾಗದ ತರಿಸಿ, ಅದರಲ್ಲಿ ಮಸಿಯಿಲ್ಲ. ಬಿಳಿಯ ಗಾಡಿಯನ್ನು ಕೆಂಪು ಮಾಡಿಸುತ್ತೇನೆ ಎನ್ನುತ್ತಿದ್ದಾರೆ, ಹಾಗಾದರೆ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಬರೆಸುವುದನ್ನು ಮರೆಯಬಾರದು. ಬಣ್ಣವೇ ಬೇರೆಯಾಗುವಾಗ ಪೇಪರ್ ಅಂಟಿಸಿ ಹೊಡೆದರೆ ಪ್ರತಿ ಪಟ್ಟಿಯ ಅಂಚಿನಲ್ಲೂ ಬಿಳಿ ಇಣುಕುತ್ತದೆ, ಅದನ್ನು ನೋಡಲು ಎರಡು ಮಳೆಗಾಲ ಕಾಯಬೇಕಾಗಿಲ್ಲ.

ಬಿಚ್ಚಿ ಹಾಕುವುದಕ್ಕೆ ಎಷ್ಟಾಗುತ್ತದೆ ಎಂದು ನಾನೇ ಶೆಡ್ಡಿಗೆ ಫೋನ್ ಮಾಡಿ ಕೇಳಿದೆ. 3,000 ಹೆಚ್ಚು ಕೊಟ್ಟರೆ ಖಂಡಿತ ಮಾಡುತ್ತೇವೆ ಎಂದರು, ಖುಷಿಯಿಂದಲೇ ಹೇಳಿದರು. ಮೇಷ್ಟ್ರು ಮೂರು ದಿನದಿಂದ ಆ ಮೂರು ಸಾವಿರವನ್ನು ಅಗಿಯುತ್ತಿದ್ದಾರೆ.

ಆದ್ದರಿಂದ ದಯವಿಟ್ಟು ಈ ಪತ್ರವನ್ನು ಭಾನುವಾರದೊಳಗೆ ಅಚ್ಚು ಹಾಕಿಸಿ. ಉದ್ದವಾಯಿತು ಎಂದು ಕತ್ತರಿಸುವುದಾದರೆ ಸೀರೆಯ ಮಾತು ತೆಗೆಯಿರಿ, 800ರ ಭಾಗ ಬಿಡಿ. ಸೋಮವಾರ ಬೆಳಿಗ್ಗೆ 10 ಗಂಟೆಗೆ ಗಾಡಿ ಹೋಗುತ್ತದೆ. ಅವರು ಪೇಪರ್ ಓದುವುದು 7ಕ್ಕೆ. ಗುಂಡಿ ಡಬ್ಬಿಗಳನ್ನು ತೊಳೆದು ಒಣಗಿಸಿ ಇಟ್ಟಿದ್ದೇನೆ.

ಇಂತಿ ನಿಮ್ಮ ಓದುಗಿ,
ಒಬ್ಬ ಟೈಲರ್, ದಾವಣಗೆರೆ